ಬರೆಯದ ನಾಟಕ ಬೆಳೆಯುವ ಬಗೆ

ನಾಟಕ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಒಂದು ಪುಸ್ತಕ. ಯಾರೋ ಒಬ್ಬ ನಾಟಕಕಾರ ಅದನ್ನು ಬರೆದಿರುತ್ತಾನೆ. ನಿರ್ದೇಶಕ ಪಾತ್ರ ಹಂಚುತ್ತಾನೆ. ನಟರು ಮಾತು ಬಾಯಿಪಾಠ ಮಾಡುತ್ತಾರೆ. ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ದೊಡ್ಡ ರಂಗಮಂದಿರದವರೆಗೆ ಸಾಮಾನ್ಯವಾಗಿ ಕ್ರಮ ಇದೇ. ಆದರೆ ತಾಲೀಮಿನ ಮೊದಲ ದಿನ ಕೈಯಲ್ಲಿ ಒಂದು ಹಾಳೆಯೂ ಇಲ್ಲದೆ, ಯಾರಿಗೆ ಯಾವ ಪಾತ್ರ ಎಂಬುದೂ ಗೊತ್ತಿಲ್ಲದೆ, ಹತ್ತು ಹನ್ನೆರಡು ಜನ ಖಾಲಿ ಕೋಣೆಯಲ್ಲಿ ಬರಿಗಾಲಲ್ಲಿ ನಿಂತು ‘ಶುರು ಮಾಡೋಣ’ ಎಂದರೆ? ಅತ್ತ ರಂಗಮಂದಿರ ಗೊತ್ತಾಗಿದೆ, ದಿನಾಂಕ ನಿಗದಿಯಾಗಿದೆ, ಟಿಕೆಟ್ ಮಾರಾಟವೂ ಆರಂಭವಾಗಿದೆ. ಇತ್ತ ನಾಟಕವೇ ಇಲ್ಲ!

ಇದು ಹುಚ್ಚು ಸಾಹಸವೆಂದು ತೋರಬಹುದು. ಆದರೆ ಯುರೋಪಿನ ಹಲವು ನಾಟಕ ತಂಡಗಳು ದಶಕಗಳಿಂದ ಹೀಗೆಯೇ ಕೆಲಸ ಮಾಡುತ್ತಾ ಬಂದಿವೆ. ಇವರ ರಂಗಕ್ಕೆ ‘ಫಿಸಿಕಲ್ ಥಿಯೇಟರ್’ ಎಂಬ ಹೆಸರಿದೆ. ಮೈಯೇ ಮೊದಲು, ಮಾತು ಆಮೇಲೆ ಎನ್ನುವ ರಂಗಭೂಮಿ ಇದು. ಹಾಗೆಂದು ಇದು ಮೂಕಾಭಿನಯವಲ್ಲ, ಮಾತು ಇರುತ್ತದೆ. ನೃತ್ಯವೂ ಅಲ್ಲ, ಕಥೆ ಇರುತ್ತದೆ. ಕಥೆಯ ಭಾರವನ್ನು ಮಾತಿನ ಜೊತೆಗೆ ನಟನ ನಡಿಗೆ, ಉಸಿರು, ತೂಕ, ಇನ್ನೊಬ್ಬನಿಂದ ಅವನು ನಿಂತ ದೂರ ಇವೆಲ್ಲ ಹೊರುತ್ತವೆ, ಅಷ್ಟೇ. ಇಂಥ ನಾಟಕವನ್ನು ಒಬ್ಬನೇ ಕುಳಿತು ಬರೆಯುವುದು ಕಷ್ಟ. ಆದ್ದರಿಂದ ಇಡೀ ತಂಡ ಸೇರಿ ತಾಲೀಮಿನ ಕೋಣೆಯಲ್ಲೇ ಅದನ್ನು ಕಟ್ಟುತ್ತದೆ. ಈ ಕ್ರಮಕ್ಕೆ ‘ಡಿವೈಸಿಂಗ್’ ಎನ್ನುತ್ತಾರೆ. ‘ಕೂಡಿ ಕಟ್ಟುವುದು’ ಎಂದರೆ ನಮಗೆ ಸರಿಯಾಗಿ ಅರ್ಥವಾದೀತು.

ವ್ಯಾಯಾಮ ಶಿಕ್ಷಕನ ಶಾಲೆ

ಈ ಪರಂಪರೆಯ ಮೂಲಪುರುಷರಲ್ಲಿ ಒಬ್ಬ ಫ್ರಾನ್ಸಿನ ಝಾಕ್ ಲೆಕಾಕ್ (1921–1999). ಆತ ರಂಗಭೂಮಿಗೆ ಬಂದದ್ದು ಸಾಹಿತ್ಯದ ಬಾಗಿಲಿನಿಂದ ಅಲ್ಲ, ಆಟದ ಮೈದಾನದಿಂದ. ದೈಹಿಕ ಶಿಕ್ಷಣ ಕಲಿಸುತ್ತಿದ್ದ, ದೇಹಕ್ಕೆ ಮತ್ತೆ ಚಲನೆ ತಂದುಕೊಡುವ ಚಿಕಿತ್ಸಾ ಕ್ರಮಗಳನ್ನೂ ಬಲ್ಲವನಾಗಿದ್ದ. 1948ರಲ್ಲಿ ಇಟಲಿಗೆ ಹೋಗಿ ಎಂಟು ವರ್ಷ ಅಲ್ಲಿದ್ದ. ಪಾದುವಾ ನಗರದ ಶಿಲ್ಪಿ ಅಮ್ಲೆಟೊ ಸಾರ್ಟೊರಿಯ ಜೊತೆಗೂಡಿ ಚರ್ಮದ ಮುಖವಾಡಗಳ ಹಳೆಯ ವಿದ್ಯೆಯನ್ನು ಮತ್ತೆ ಬಳಕೆಗೆ ತಂದ. 1956ರಲ್ಲಿ ಪ್ಯಾರಿಸ್‌ಗೆ ಮರಳಿ ತನ್ನದೇ ರಂಗಶಾಲೆ ತೆರೆದ. ಸ್ವಾರಸ್ಯವೆಂದರೆ, 1976ರಲ್ಲಿ ಆ ಶಾಲೆಗೆ ದೊರೆತ ಕಟ್ಟಡ ಹಿಂದೆ ಒಂದು ವ್ಯಾಯಾಮಶಾಲೆಯಾಗಿತ್ತು!

ಅಲ್ಲಿನ ವಿದ್ಯಾರ್ಥಿಗಳಿಗೆ ಆರಂಭದ ದಿನಗಳಲ್ಲೇ ಕೊಡುತ್ತಿದ್ದದ್ದು ಯಾವ ಭಾವನೆಯೂ ಇಲ್ಲದ ಒಂದು ‘ತಟಸ್ಥ ಮುಖವಾಡ’. ನಗುವೂ ಇಲ್ಲ, ಅಳುವೂ ಇಲ್ಲ. ಮುಖ ಮುಚ್ಚಿದೊಡನೆ ಮೈಯ ಗುಟ್ಟುಗಳೆಲ್ಲ ಹೊರಬೀಳುತ್ತವೆ. ಒಬ್ಬ ಭುಜ ಎತ್ತಿ ನಡೆಯುತ್ತಾನೆ, ಇನ್ನೊಬ್ಬ ಎದೆ ಒಳಕ್ಕೆ ಎಳೆದುಕೊಂಡಿರುತ್ತಾನೆ, ಮತ್ತೊಬ್ಬನಿಗೆ ಸುಮ್ಮನೆ ನಿಲ್ಲಲೂ ಬರುವುದಿಲ್ಲ. ಇವೆಲ್ಲ ತನಗಿದ್ದ ಅಭ್ಯಾಸಗಳೆಂದು ಆತನಿಗೇ ಅಂದು ಮೊದಲ ಬಾರಿ ತಿಳಿಯುತ್ತದೆ.

1968ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ದೊಡ್ಡ ವಿದ್ಯಾರ್ಥಿ ಚಳವಳಿ ನಡೆಯಿತು. ನಮ್ಮ ಕಲಿಕೆ ನಮ್ಮ ಕೈಯಲ್ಲೂ ಇರಲಿ ಎಂಬ ಕೂಗು ಲೆಕಾಕ್‌ನ ಶಾಲೆಗೂ ತಲುಪಿತು. ಆತ ಬಾಗಿಲು ಹಾಕಲಿಲ್ಲ. ದಿನಕ್ಕೆ ಸುಮಾರು ಒಂದೂವರೆ ಗಂಟೆಯನ್ನು ವಿದ್ಯಾರ್ಥಿಗಳಿಗೇ ಬಿಟ್ಟುಕೊಟ್ಟ. ಶಿಕ್ಷಕರು ಒಂದು ವಿಷಯ ಕೊಡುತ್ತಾರೆ. ವಿದ್ಯಾರ್ಥಿಗಳು ಗುಂಪುಗಳಾಗಿ, ಶಿಕ್ಷಕರಿಲ್ಲದೆ, ತಾವೇ ಒಂದು ಪುಟ್ಟ ನಾಟಕ ಕಟ್ಟಿ ವಾರದ ಕೊನೆಗೆ ಎಲ್ಲರ ಮುಂದೆ ಆಡಿ ತೋರಿಸಬೇಕು. ಚೆನ್ನಾಗಿಲ್ಲದಿದ್ದರೆ ಮುಲಾಜಿಲ್ಲದೆ ಹೇಳಲಾಗುತ್ತಿತ್ತು. ಮುಂದೆ ಹಲವು ತಂಡಗಳು ‘ಕೂಡಿ ಕಟ್ಟುವ’ ಕಸುಬನ್ನು ಕಲಿತದ್ದು ಈ ಒಂದೂವರೆ ಗಂಟೆಯಲ್ಲಿ.

ಮೈಗೊಂದು ವಿಜ್ಞಾನ ಪಾಠ

ಲೆಕಾಕ್ ಶಾಲೆಯ ಅಭ್ಯಾಸಗಳನ್ನು ನೋಡಿದರೆ ವಿಜ್ಞಾನದ ಪಠ್ಯಪುಸ್ತಕ ತೆರೆದಂತಾಗುತ್ತದೆ. ಅಲ್ಲಿ ವಿದ್ಯಾರ್ಥಿ ನೀರಾಗಬೇಕು, ಬೆಂಕಿಯಾಗಬೇಕು, ಎಣ್ಣೆಯಾಗಬೇಕು, ಮುದುಡಿದ ಕಾಗದವಾಗಬೇಕು. ಇದು ಮಕ್ಕಳಾಟವಲ್ಲ. ಕಾಗದವನ್ನು ಮುದ್ದೆ ಮಾಡಿ ಮೇಜಿನ ಮೇಲೆ ಬಿಟ್ಟು ಗಮನಿಸಿ. ಅದು ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಆದರೆ ಮೊದಲಿನ ಆಕಾರಕ್ಕೆ ಎಂದೂ ಮರಳುವುದಿಲ್ಲ. ರಬ್ಬರ್ ಪಟ್ಟಿಯಾದರೆ ಮರಳುತ್ತದೆ. ಸ್ಥಿತಿಸ್ಥಾಪಕ ಗುಣ ಒಂದಕ್ಕಿದೆ, ಇನ್ನೊಂದಕ್ಕೆ ಅಷ್ಟಿಲ್ಲ. ಅವಮಾನ ಉಂಡ ಮನುಷ್ಯನ ಪಾತ್ರ ಮಾಡುವಾಗ ನಟ ಯಾವುದನ್ನು ಆರಿಸಬೇಕು, ರಬ್ಬರನ್ನೋ ಕಾಗದವನ್ನೋ? ಈ ಪ್ರಶ್ನೆ ಕೇಳಿಕೊಂಡ ನಟನ ಬೆನ್ನು ತಾನಾಗಿಯೇ ಬೇರೆ ರೀತಿ ಬಾಗುತ್ತದೆ.

ಇನ್ನೊಂದು ಅಭ್ಯಾಸ ಇನ್ನೂ ಸೊಗಸಾದದ್ದು. ರಂಗದ ನೆಲ ಒಂದು ದೊಡ್ಡ ತಟ್ಟೆ, ನಡುವೆ ಒಂದೇ ಮೊಳೆಯ ಮೇಲೆ ಕುಳಿತಿದೆ ಎಂದು ಎಲ್ಲರೂ ಊಹಿಸಿಕೊಳ್ಳುತ್ತಾರೆ. ಒಬ್ಬ ಒಂದು ಕಡೆಗೆ ಹೆಜ್ಜೆ ಇಟ್ಟರೆ ತಟ್ಟೆ ವಾಲುತ್ತದೆ. ಎದುರಿನವನು ತಕ್ಷಣ ಸರಿದೂಗಿಸಬೇಕು. ಏತದ ತತ್ತ್ವ ಬಲ್ಲ ಎಂಟನೇ ತರಗತಿಯ ಹುಡುಗನಿಗೂ ಇದು ಗೊತ್ತು. ಹತ್ತು ಜನ ನಡುವಿನಿಂದ ಒಂದು ಮೀಟರ್ ದೂರದಲ್ಲಿ ಗುಂಪಾಗಿ ನಿಂತರೆ, ಅಷ್ಟೇ ತೂಕದ ಒಬ್ಬನೇ ಮನುಷ್ಯ ಎದುರು ದಿಕ್ಕಿನಲ್ಲಿ ಹತ್ತು ಮೀಟರ್ ದೂರ ನಿಂತು ಅವರನ್ನು ತೂಗಬಲ್ಲ. ರಾಜ ಮತ್ತು ಪ್ರಜೆಗಳು, ನಾಯಕ ಮತ್ತು ಜನಸಮೂಹ ಎಂಬ ಸಂಬಂಧವನ್ನು ಒಂದು ಮಾತೂ ಇಲ್ಲದೆ ಹೇಳುವ ಉಪಾಯ ಇದು. ಪ್ರೇಕ್ಷಕ ಲೆಕ್ಕ ಹಾಕುವುದಿಲ್ಲ. ಆದರೆ ತೂಕ ತಪ್ಪಿದ್ದು ಅವನ ಕಣ್ಣಿಗೆ ತಿಳಿಯುತ್ತದೆ.

ಎರಡು ಕುರ್ಚಿ, ಒಂದು ಕಥೆ

ಹಾಗಾದರೆ ಏನೂ ಇಲ್ಲದಲ್ಲಿ ಕಥೆ ಹೇಗೆ ಹುಟ್ಟುತ್ತದೆ? ‘ಫ್ರಾಂಟಿಕ್ ಅಸೆಂಬ್ಲಿ’ ಎಂಬ ತಂಡದ ಒಂದು ಅಭ್ಯಾಸವನ್ನು ಉದಾಹರಣೆಯಾಗಿ ನೋಡಬಹುದು. 1994ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಸ್ವಾನ್ಸೀಯಲ್ಲಿ ಹುಟ್ಟಿದ ತಂಡ ಇದು. ಅದರ ಸ್ಥಾಪಕರಲ್ಲಿ ಸ್ಕಾಟ್ ಗ್ರಹಾಂ ಮತ್ತು ಸ್ಟೀವನ್ ಹೊಗೆಟ್ ಇಬ್ಬರೂ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯವನ್ನು, ನಾಟಕವನ್ನಲ್ಲ.

ಅಭ್ಯಾಸ ಹೀಗಿದೆ. ಅಕ್ಕಪಕ್ಕದಲ್ಲಿ ಎರಡು ಕುರ್ಚಿ, ಇಬ್ಬರು ನಟರು. ಒಬ್ಬ ಇನ್ನೊಬ್ಬನ ಮೊಣಕಾಲ ಮೇಲೆ ಕೈ ಇಡುತ್ತಾನೆ. ಅವನು ಆ ಕೈ ಎತ್ತಿ ಪಕ್ಕಕ್ಕಿಡುತ್ತಾನೆ. ಇವನು ತಲೆ ತಿರುಗಿಸುತ್ತಾನೆ. ಅವನು ಭುಜಕ್ಕೆ ಒರಗುತ್ತಾನೆ. ಹೀಗೆ ಹತ್ತಿಪ್ಪತ್ತು ಚಲನೆಗಳು. ಪ್ರೀತಿ, ಕೋಪ ಏನನ್ನೂ ‘ಅಭಿನಯಿಸ’ಬಾರದು. ಬರಿಯ ಚಲನೆಯ ಸಾಲನ್ನು ಮಗ್ಗಿಯಂತೆ ಕಲಿಯಬೇಕು. ಕಲಿತ ಮೇಲೆ ವೇಗ ಹೆಚ್ಚಿಸುತ್ತಾರೆ, ಇಲ್ಲವೇ ನಿಧಾನ ಮಾಡುತ್ತಾರೆ. ಹಿನ್ನೆಲೆಯ ಸಂಗೀತ ಬದಲಿಸುತ್ತಾರೆ. ಒಬ್ಬನಿಗೆ ಮಾತ್ರ ‘ನೀನು ಅವನ ಕಡೆ ನೋಡಬೇಡ’ ಎನ್ನುತ್ತಾರೆ. ಆಗ ನಡೆಯುವುದೇ ಅಚ್ಚರಿ. ಅದೇ ಚಲನೆಗಳು ಒಮ್ಮೆ ಹೊಸ ಗೆಳೆತನದಂತೆ, ಒಮ್ಮೆ ಮುಗಿದ ದಾಂಪತ್ಯದಂತೆ, ಇನ್ನೊಮ್ಮೆ ಆಸ್ಪತ್ರೆಯಲ್ಲಿ ಕಾಯುತ್ತಿರುವ ಅಣ್ಣತಮ್ಮಂದಿರಂತೆ ಕಾಣತೊಡಗುತ್ತವೆ. ಕಥೆಯನ್ನು ನಟ ಹೇಳಲಿಲ್ಲ. ನೋಡುವವರ ಮನಸ್ಸು ಕಟ್ಟಿಕೊಂಡಿತು. ನಿರ್ದೇಶಕ ಎದುರು ಕುಳಿತು, ಯಾವ ಕ್ಷಣದಲ್ಲಿ ತನ್ನ ಮನಸ್ಸು ಹೀಗೆ ಕಥೆ ಕಟ್ಟಿತೋ ಅದನ್ನು ಗುರುತು ಹಾಕಿಕೊಳ್ಳುತ್ತಾನೆ. ಪ್ರಯೋಗಶಾಲೆಯಲ್ಲಿ ಒಂದು ಅಂಶ ಬದಲಿಸಿ ಉಳಿದವನ್ನು ಹಾಗೇ ಇಟ್ಟು ಫಲಿತಾಂಶ ನೋಡುವ ಕ್ರಮಕ್ಕೂ ಇದಕ್ಕೂ ಏನಂತರ?

ಲೆಕ್ಕ ನಾಟಕವಾದದ್ದು

ಲೆಕಾಕ್‌ನ ಶಿಷ್ಯರಲ್ಲಿ ಹೆಸರಾದವನು ಇಂಗ್ಲೆಂಡಿನ ಸೈಮನ್ ಮೆಕ್‌ಬರ್ನಿ. 1983ರಲ್ಲಿ ಆತ ಅನಾಬೆಲ್ ಆರ್ಡನ್, ಮಾರ್ಚೆಲ್ಲೊ ಮಾನ್ಯಿ ಮೊದಲಾದವರೊಡನೆ ಸೇರಿ ‘ಕಾಂಪ್ಲಿಸಿಟೆ’ ತಂಡ ಕಟ್ಟಿದ. ಪೋಲೆಂಡಿನ ಲೇಖಕ ಬ್ರೂನೊ ಶುಲ್ಜ್‌ನ ಕಥೆಗಳನ್ನು ಆಧರಿಸಿ ಈ ತಂಡ 1992ರಲ್ಲಿ ಆಡಿದ ನಾಟಕದಲ್ಲಿ ನಟನೊಬ್ಬ ಗೋಡೆಯ ಮೇಲಿನಿಂದ ಕೆಳಕ್ಕೆ, ನೆಲದ ಮೇಲೆ ನಡೆಯುವಂತೆಯೇ ಅಡ್ಡವಾಗಿ ನಡೆದು ಬರುತ್ತಿದ್ದ. ಎಲ್ಲರ ಕೈಯಲ್ಲಿದ್ದ ಪುಸ್ತಕಗಳು ಹಾಳೆ ಬಡಿಯುತ್ತಾ ಹಕ್ಕಿಗಳಾಗುತ್ತಿದ್ದವು. 1999ರ ‘ನೆಮೋನಿಕ್’ ನಾಟಕದ ವಿಷಯಗಳಲ್ಲೊಂದು, 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ, ಐದು ಸಾವಿರ ವರ್ಷಕ್ಕೂ ಹಳೆಯದಾದ ಮನುಷ್ಯನ ದೇಹ. ಆ ಹಿಮಮಾನವನನ್ನು ರಂಗದ ಮೇಲೆ ತಂದದ್ದು ಹೇಗೆ ಗೊತ್ತೇ? ಮುರಿದ ಒಂದು ಮಡಿಸುವ ಕುರ್ಚಿಯಿಂದ! ಕೆಲವು ನಟರು ಸೇರಿ ಅದರ ಕಾಲು, ಬೆನ್ನುಗಳನ್ನು ಹಿಡಿದು ನಿಧಾನವಾಗಿ ನಡೆಸಿದಾಗ, ದಣಿದು ಬೆಟ್ಟ ಹತ್ತುವ ಮನುಷ್ಯ ಕಾಣುತ್ತಿದ್ದ.

ಆದರೆ ನಮಗೆ ಹತ್ತಿರವಾದದ್ದು ಇದೇ ತಂಡದ 2007ರ ನಾಟಕ, ‘ಎ ಡಿಸಪಿಯರಿಂಗ್ ನಂಬರ್’. ‘ಕಣ್ಮರೆಯಾಗುವ ಸಂಖ್ಯೆ’ ಎಂದು ಹೇಳಬಹುದು. ಇದರ ಕೇಂದ್ರದಲ್ಲಿರುವವರು ಶ್ರೀನಿವಾಸ ರಾಮಾನುಜನ್ ಮತ್ತು ಕೇಂಬ್ರಿಜ್‌ನ ಗಣಿತಜ್ಞ ಜಿ. ಎಚ್. ಹಾರ್ಡಿ. ಹಾರ್ಡಿ 1940ರಲ್ಲಿ ಪ್ರಕಟಿಸಿದ ಆತ್ಮಕಥನದಂಥ ಪುಟ್ಟ ಪುಸ್ತಕವನ್ನು ಲೇಖಕ ಮೈಕೆಲ್ ಒಂಡಾಚಿ ಮೆಕ್‌ಬರ್ನಿಗೆ ಕೊಟ್ಟದ್ದೇ ಈ ನಾಟಕದ ಬೀಜ.

ಬೀಜವೇನೋ ಸಿಕ್ಕಿತು, ಬೆಳೆ ತೆಗೆಯುವುದು ಹೇಗೆ? ಗಣಿತಜ್ಞ ಯುದ್ಧ ಮಾಡುವುದಿಲ್ಲ, ಕತ್ತಿ ಹಿಡಿಯುವುದಿಲ್ಲ. ಕುಳಿತು ಯೋಚಿಸುತ್ತಾನೆ. ಅದನ್ನು ಮೈಯಿಂದ ತೋರಿಸುವುದೆಂತು? ಇಲ್ಲಿಯೇ ಕೂಡಿ ಕಟ್ಟುವ ಕ್ರಮ ನೆರವಿಗೆ ಬಂತು. ಆಕ್ಸ್‌ಫರ್ಡಿನ ಗಣಿತ ಪ್ರಾಧ್ಯಾಪಕ ಮಾರ್ಕಸ್ ಡು ಸೊಟಾಯ್ ತಂಡದೊಡನೆ ಕೆಲಸ ಮಾಡಿದರು. ನಿತಿನ್ ಸಾಹ್ನಿ ಸಂಗೀತ ನೀಡಿದರು. ರಂಗದ ಮೇಲೆಯೇ ತಬಲಾ ಇತ್ತು. ರಾಮಾನುಜನ್ ಪಾತ್ರ ವಹಿಸಿದ ಶೇನ್ ಶಂಭು ಭರತನಾಟ್ಯ ಕಲಿತವರು. ಮೈ, ತಾಳ, ಸಂಖ್ಯೆ ಮೂರೂ ಒಂದೇ ಕೋಣೆಯಲ್ಲಿ ಸೇರಿದವು.

ತಾಳಕ್ಕೂ ಲೆಕ್ಕಕ್ಕೂ ಇರುವ ನಂಟು ನಮ್ಮವರಿಗೆ ಹೊಸದಲ್ಲ. ‘ತಕಿಟ ತಕಧಿಮಿ’ ಎಂದರೆ ಮೂರು ಮತ್ತು ನಾಲ್ಕು, ಒಟ್ಟು ಏಳು. ಒಂದು ಸಂಖ್ಯೆಯನ್ನು ಹೀಗೆ ಚಿಕ್ಕ ಸಂಖ್ಯೆಗಳ ಮೊತ್ತವಾಗಿ ಎಷ್ಟು ಬಗೆಯಲ್ಲಿ ಒಡೆಯಬಹುದು ಎಂಬುದೇ ರಾಮಾನುಜನ್ ಮತ್ತು ಹಾರ್ಡಿ ಕೂಡಿ ದುಡಿದ ‘ವಿಭಜನೆ’ಯ ಸಮಸ್ಯೆ. ನಾಲ್ಕನ್ನು ಐದು ಬಗೆಯಲ್ಲಿ ಒಡೆಯಬಹುದು: 4, 3+1, 2+2, 2+1+1, 1+1+1+1. ಹತ್ತಕ್ಕೆ 42 ಬಗೆ. ನೂರಕ್ಕೆ ಬಂದರೆ 19,05,69,292 ಬಗೆ! ತಾಳದಲ್ಲಿ 3+4 ಬೇರೆ, 4+3 ಬೇರೆ. ಗಣಿತದ ವಿಭಜನೆಯಲ್ಲಿ ಮಾತ್ರ ಎರಡೂ ಒಂದೇ. ಇಷ್ಟೇ ವ್ಯತ್ಯಾಸ.

ನಾಟಕದಲ್ಲಿ ಎರಡು ಕಾಲಗಳು ಒಟ್ಟಿಗೆ ಸಾಗುತ್ತವೆ. ಒಂದು, 1914ರಲ್ಲಿ ರಾಮಾನುಜನ್ ಇಂಗ್ಲೆಂಡಿಗೆ ಹೋದ ಕಾಲ. ಇನ್ನೊಂದು, ಇಂದಿನ ಗಣಿತ ಉಪನ್ಯಾಸಕಿ ರೂತ್ ಮತ್ತು ಆಕೆಯನ್ನು ಮೆಚ್ಚಿ ಮದುವೆಯಾಗುವ ವ್ಯಾಪಾರಿ ಆಲ್ ಇವರ ಕಥೆ. ರಾಮಾನುಜನ್‌ರ ಜಾಡು ಹಿಡಿದು ಭಾರತಕ್ಕೆ ಬಂದ ರೂತ್ ರೈಲಿನಲ್ಲಿ ಸಾಯುತ್ತಾಳೆ. ಉಳಿದ ಆಲ್‌ಗೆ ಆಕೆ ಬಿಟ್ಟುಹೋದ ಗಣಿತವೇ ಆಕೆಯನ್ನು ತಲುಪುವ ದಾರಿ. ಕೊನೆಯಿಲ್ಲದ ಸರಣಿ, ಕೊನೆಗೊಂಡ ಬದುಕು ಎರಡನ್ನೂ ಒಂದೇ ಹಲಗೆಯ ಮೇಲೆ ಬರೆದಂತೆ.

ನಾಟಕ ಆರಂಭವಾಗುವುದೇ ಗಣಿತದ ತರಗತಿಯಿಂದ. ರೂತ್ ಬಿಳಿ ಹಲಗೆಯ ಮೇಲೆ ಬರೆಯುತ್ತಾ ಹೋಗಿ 1+2+3+4... ಎಂಬ ಕೊನೆಯಿಲ್ಲದ ಸಾಲಿಗೆ −1/12 ಎಂಬ ಬೆಲೆ ತರುತ್ತಾಳೆ. ರಾಮಾನುಜನ್ 1913ರಲ್ಲಿ ಹಾರ್ಡಿಗೆ ಬರೆದ ಪತ್ರದಲ್ಲಿದ್ದ ಫಲಿತಾಂಶವೇ ಇದು. (ವಿದ್ಯಾರ್ಥಿಗಳು ಇದನ್ನು ಪರೀಕ್ಷೆಯಲ್ಲಿ ಬರೆದಾರು, ಎಚ್ಚರಿಕೆ! ಮಾಮೂಲಿ ಅರ್ಥದಲ್ಲಿ ಕೂಡಿದರೆ ಈ ಮೊತ್ತ ಮಿತಿಯಿಲ್ಲದೆ ಬೆಳೆಯುತ್ತದೆ. ‘ಮೊತ್ತ’ ಎಂಬ ಪದಕ್ಕೆ ಮೇಲ್ಮಟ್ಟದ ಗಣಿತದಲ್ಲಿ ಕೊಡುವ ಇನ್ನೊಂದು ಅರ್ಥದಲ್ಲಿ ಮಾತ್ರ ಈ ಬೆಲೆ ಸರಿ.) ಪ್ರೇಕ್ಷಕರು ಕಕ್ಕಾಬಿಕ್ಕಿಯಾಗಿರುವಾಗ ಇನ್ನೊಂದು ಪಾತ್ರ ಬಂದು, ನಾವೆಲ್ಲ ನಟರು, ಇಲ್ಲಿರುವುದೆಲ್ಲ ಬರಿಯ ನಟನೆ, ಗಣಿತ ಮಾತ್ರ ನಿಜ ಎಂಬರ್ಥದ ಮಾತು ಹೇಳುತ್ತದೆ. ಅಲ್ಲಿಂದ ನಾಟಕ ಹಾರುತ್ತದೆ.

ಈ ನಾಟಕಕ್ಕೆ 2008ರಲ್ಲಿ ಲಂಡನ್ನಿನ ಪ್ರತಿಷ್ಠಿತ ಒಲಿವಿಯೇ ಪ್ರಶಸ್ತಿ ಬಂದದ್ದು ‘ಅತ್ಯುತ್ತಮ ಹೊಸ ನಾಟಕ’ ವಿಭಾಗದಲ್ಲಿ. ಒಬ್ಬನೇ ನಾಟಕಕಾರ ಇಲ್ಲದ ನಾಟಕಕ್ಕೆ ಆ ಗೌರವ! 2010ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ, ಜಗತ್ತಿನ ಗಣಿತಜ್ಞರ ಎದುರಿಗೇ ಅದು ಪ್ರದರ್ಶನಗೊಂಡಿತು.

ಆರಿಸುವುದು, ಬಿಡುವುದು

ಎಲ್ಲರೂ ಸೇರಿ ಕಟ್ಟುವುದೆಂದರೆ ಎಲ್ಲರ ಸಲಹೆಯನ್ನೂ ಸೇರಿಸುವುದೆಂದು ಭಾವಿಸಬಾರದು. ಹಾಗೆ ಮಾಡಿದರೆ ಹತ್ತು ಜನ ಉಪ್ಪು ಹಾಕಿದ ಸಾರಿನಂತಾದೀತು. ತಾಲೀಮಿನಲ್ಲಿ ಹುಟ್ಟಿದ್ದರಲ್ಲಿ ಬಹುಪಾಲು ಬಿಟ್ಟೇ ಹೋಗುತ್ತದೆ. ಮೂರು ದಿನ ಬೆವರು ಸುರಿಸಿ ಕಟ್ಟಿದ ದೃಶ್ಯ ನಾಲ್ಕನೆಯ ದಿನ ‘ಇದು ಕಥೆಗೆ ಬೇಡ’ ಎಂಬ ಒಂದೇ ಮಾತಿಗೆ ಬಿದ್ದುಹೋಗುತ್ತದೆ. ಕೆಲಸ ಒಂದು ಹದಕ್ಕೆ ಬರುವವರೆಗೆ ನಟನಿಗೆ ತನ್ನ ಪಾತ್ರ ದೊಡ್ಡದೋ ಸಣ್ಣದೋ ತಿಳಿಯದು. ಅಂತಿಮ ತೀರ್ಮಾನ ನಿರ್ದೇಶಕನದು. ಆತ ತಪ್ಪಿದರೆ ಎಲ್ಲರ ದುಡಿಮೆಯೂ ತೆರೆ ಎದ್ದ ದಿನವೇ ಮಣ್ಣುಪಾಲು. ಈ ಅಪಾಯ ನಿಜವಾದದ್ದು. ಅದಕ್ಕಾಗಿಯೇ ಮೆಕ್‌ಬರ್ನಿಯಂಥವರು ಮೊದಲ ಪ್ರದರ್ಶನಕ್ಕೆ ನಿಲ್ಲುವುದಿಲ್ಲ. ಪ್ರೇಕ್ಷಕರ ಉಸಿರನ್ನು ಗಮನಿಸಿ, ಪ್ರದರ್ಶನಗಳು ನಡೆಯುತ್ತಿರುವಾಗಲೂ ತಿದ್ದುತ್ತಾ ಹೋಗುತ್ತಾರೆ.

ಈ ಕಸುಬು ನಿಂತಿರುವುದು ಒಂದು ನಂಬಿಕೆಯ ಮೇಲೆ: ಕೋಣೆಯೊಳಗೆ ತಪ್ಪು ಮಾಡಿದವನನ್ನು ಯಾರೂ ನಗೆಪಾಟಲು ಮಾಡುವುದಿಲ್ಲ. ನಕ್ಕರೆ ಮರುದಿನ ಆತ ಬಾಯಿ ಬಿಡುವುದಿಲ್ಲ, ಮೈಯನ್ನಂತೂ ಬಿಡುವುದೇ ಇಲ್ಲ. ಬಾಯಿ ಬಿಡದ ಆ ಒಬ್ಬನಲ್ಲೇ ನಾಟಕಕ್ಕೆ ಬೇಕಾದ ಒಳ್ಳೆಯ ಉಪಾಯ ಇದ್ದರೆ ನಷ್ಟ ಎಲ್ಲರದು.

ಎತ್ತುವ ಕೈ, ಬೀಳುವ ಮೈ

ಒಬ್ಬರನ್ನೊಬ್ಬರು ಎತ್ತುವುದು, ಹೆಗಲ ಮೇಲಿಂದ ಉರುಳುವುದು ಇಲ್ಲಿ ಸಾಮಾನ್ಯ. ನೋಡುವವರಿಗೆ ಹಗುರ, ಮಾಡುವವರಿಗೆ ಅಲ್ಲ. 50 ಕಿಲೋಗ್ರಾಂ ದ್ರವ್ಯರಾಶಿಯ ನಟಿಯ ತೂಕ ಸುಮಾರು 490 ನ್ಯೂಟನ್. ಆಕೆಯನ್ನು ಬೆನ್ನುಮೂಳೆಯಿಂದ 10 ಸೆಂಟಿಮೀಟರ್ ಅಂತರದಲ್ಲಿ, ಅಂದರೆ ಮೈಗೆ ಒತ್ತಿ ಎತ್ತಿದರೆ ಬೆನ್ನಿನ ಮೇಲಿನ ತಿರುಗುಬಲ 49 ನ್ಯೂಟನ್-ಮೀಟರ್. ಕೈ ಚಾಚಿ 40 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಅದೇ ಭಾರ 196 ಆಗುತ್ತದೆ, ನಾಲ್ಕು ಪಟ್ಟು! ಆದ್ದರಿಂದಲೇ ‘ಹತ್ತಿರಕ್ಕೆ ತಂದುಕೋ, ಮೊಣಕಾಲು ಬಗ್ಗಿಸು, ಕಾಲಿನಿಂದ ಎತ್ತು’ ಎಂಬ ಪಾಠ. ಬೀಳುವಾಗಲೂ ಅಷ್ಟೇ. ವೇಗದ ಚೆಂಡು ಹಿಡಿಯುವ ಫೀಲ್ಡರ್ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವಂತೆ, ನಟ ಮೊಣಕಾಲು, ತೊಡೆ, ಪಕ್ಕೆ ಎಂದು ಕ್ರಮವಾಗಿ ನೆಲಕ್ಕೆ ಒಪ್ಪಿಸುತ್ತಾ ನಿಲ್ಲುವ ಕಾಲವನ್ನು ಹೆಚ್ಚಿಸುತ್ತಾನೆ. ಕಾಲ ಹೆಚ್ಚಿದಷ್ಟೂ ಪೆಟ್ಟು ಕಡಿಮೆ. ಇದನ್ನು ಬಲ್ಲ ತರಬೇತುದಾರರಿಲ್ಲದೆ ಮಕ್ಕಳು ಎತ್ತುವ, ಬೀಳುವ ಆಟಕ್ಕೆ ಇಳಿಯಲೇಬಾರದು.

ಅಂಕ ಯಾವುದಕ್ಕೆ?

ಪಾಲಕರು ಕೇಳುವ ಪ್ರಶ್ನೆ ಒಂದಿದೆ: ಇದರಿಂದ ಓದಿಗೇನು ಪ್ರಯೋಜನ? ಇಂಗ್ಲೆಂಡಿನ ಶಾಲೆಗಳು ಇದಕ್ಕೆ ಒಂದು ಬಗೆಯ ಉತ್ತರ ಕಂಡುಕೊಂಡಿವೆ. ಅಲ್ಲಿನ ದೊಡ್ಡ ಪರೀಕ್ಷಾ ಮಂಡಳಿಗಳಲ್ಲೊಂದಾದ ಎಕ್ಯೂಎ, 2016ರಲ್ಲಿ ಬೋಧನೆಗೆ ತಂದ ಹತ್ತನೇ ತರಗತಿಗೆ ಸಮಾನವಾದ ಜಿಸಿಎಸ್‌ಇ ನಾಟಕ ಪಠ್ಯದಲ್ಲಿ, ಒಟ್ಟು ಅಂಕಗಳ ಶೇ 40ರಷ್ಟನ್ನು ಮಕ್ಕಳು ಕೂಡಿ ಕಟ್ಟುವ ನಾಟಕಕ್ಕೆ ಮೀಸಲಿಟ್ಟಿತು. ಗಮನಿಸಬೇಕಾದದ್ದು ಅದರೊಳಗಿನ ಹಂಚಿಕೆಯನ್ನು. ಈ ಭಾಗದ 80 ಅಂಕಗಳಲ್ಲಿ ರಂಗದ ಮೇಲಿನ ಪ್ರದರ್ಶನಕ್ಕೆ 20, ನಾಟಕ ಹೇಗೆ ಕಟ್ಟಿದೆವು, ಯಾವುದನ್ನು ಏಕೆ ಬಿಟ್ಟೆವು ಎಂದು ಪ್ರತಿ ವಿದ್ಯಾರ್ಥಿಯೂ ಬರೆದಿಡುವ ದಿನಚರಿಗೆ 60! ಉತ್ತರಕ್ಕಿಂತ ಉತ್ತರ ತಲುಪಿದ ದಾರಿಗೆ ಮೂರು ಪಟ್ಟು ಬೆಲೆ.

ಲೆಕ್ಕದ ಉತ್ತರ ಪತ್ರಿಕೆಯಲ್ಲಿ ‘ಹಂತಗಳಿಗೆ ಅಂಕ’ ಕೊಡುವುದು ನಮಗೂ ಗೊತ್ತು. ಆದರೆ ಮನೆಯಲ್ಲಿ, ತರಗತಿಯಲ್ಲಿ ಮಗು ತಪ್ಪು ಹೆಜ್ಜೆ ಇಟ್ಟಾಗ ಆ ಹೆಜ್ಜೆಗೆ ನಾವು ಕೊಡುವುದೇನು? ಬೈಗುಳವನ್ನೇ ಹೆಚ್ಚು. ಅಂಥ ಮಗು ಗೊತ್ತಿರುವ ಉತ್ತರವನ್ನು ಮಾತ್ರ ಹೇಳಲು ಕಲಿಯುತ್ತದೆ, ಗೊತ್ತಿಲ್ಲದ ಕಡೆಗೆ ಕಾಲಿಡುವುದನ್ನು ಬಿಟ್ಟುಬಿಡುತ್ತದೆ. ಕುಂಭಕೋಣದ ಕಾಲೇಜಿನಲ್ಲಿ ಗಣಿತ ಬಿಟ್ಟು ಉಳಿದ ವಿಷಯಗಳಲ್ಲಿ ನಪಾಸಾಗಿ ವಿದ್ಯಾರ್ಥಿವೇತನ ಕಳೆದುಕೊಂಡ ಹುಡುಗನೇ ಮುಂದೆ ಹಾರ್ಡಿಗೆ ಪತ್ರ ಬರೆದ ರಾಮಾನುಜನ್ ಎಂಬುದನ್ನು ಪಾಲಕರು ನೆನಪಿಡುವುದು ಒಳ್ಳೆಯದು.

ತರಗತಿಯಲ್ಲಿ ಮಾಡಿ ನೋಡಿ

ಬೆಂಚುಗಳನ್ನು ಬದಿಗೆ ಸರಿಸಿ ಏಳೆಂಟು ಮಂದಿ ಒಂದೇ ದಿಕ್ಕಿಗೆ ಮುಖ ಮಾಡಿ, ಮುಂದೊಬ್ಬ ಇರುವಂತೆ ಗುಂಪಾಗಿ ನಿಲ್ಲಿ. ಮುಂದಿನವನು ನಿಧಾನವಾಗಿ ಕೈ ಎತ್ತಲಿ, ಬಾಗಲಿ, ನಡೆಯಲಿ. ಉಳಿದವರು ಅದೇ ಕ್ಷಣದಲ್ಲಿ ಹಾಗೆಯೇ ಮಾಡಬೇಕು. ಆತ ತಿರುಗಿದೊಡನೆ ಆ ದಿಕ್ಕಿನಲ್ಲಿ ಮುಂದಿರುವವನೇ ಹೊಸ ನಾಯಕ. ಮಾತಿಲ್ಲ, ಸನ್ನೆಯಿಲ್ಲ. ನೋಡುವವರಿಗೆ ನಾಯಕ ಯಾರೆಂದು ತಿಳಿಯದಂತಾದರೆ ನೀವು ಗೆದ್ದಿರಿ. ಇಟಲಿಯ ವಿಜ್ಞಾನಿಗಳು ಸ್ಟಾರ್ಲಿಂಗ್ ಹಕ್ಕಿಗಳ ಹಿಂಡನ್ನು ರೋಮ್ ನಗರದ ಆಕಾಶದಲ್ಲಿ ಚಿತ್ರೀಕರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರತಿ ಹಕ್ಕಿಯೂ ಗಮನಿಸುವುದು ಇಡೀ ಹಿಂಡನ್ನಲ್ಲ, ಹತ್ತಿರದ ಆರೇಳು ಹಕ್ಕಿಗಳನ್ನು ಮಾತ್ರ. ನಿಮ್ಮ ಗುಂಪಿಗೂ ಅಷ್ಟು ಸಾಕು.

ಇನ್ನೊಂದು, ನಾಲ್ವರು ಸೇರಿ ಮಾಡುವುದು. ನಾಲ್ಕರ ಐದು ವಿಭಜನೆಗಳನ್ನು ಒಂದೊಂದಾಗಿ ನಿಂತು ತೋರಿಸಿ. ನಾಲ್ವರೂ ಒಟ್ಟಿಗೆ, ಮೂವರು ಮತ್ತು ಒಬ್ಬ, ಇಬ್ಬರು ಮತ್ತು ಇಬ್ಬರು, ಇಬ್ಬರು ಮತ್ತು ಬೇರೆ ಬೇರೆ ನಿಂತ ಇಬ್ಬರು, ಕೊನೆಗೆ ಎಲ್ಲರೂ ಬೇರೆ ಬೇರೆ. ಪ್ರತಿಯೊಂದರಲ್ಲೂ ಹತ್ತು ಎಣಿಸುವಷ್ಟು ಹೊತ್ತು ಅಲುಗಾಡದೆ ನಿಲ್ಲಿ. ಉಳಿದ ಮಕ್ಕಳು ಕಂಡ ಕಥೆಯನ್ನು ಬರೆಯಲಿ. 3+1 ಎಂಬ ಲೆಕ್ಕದಲ್ಲಿ ಆ ಒಬ್ಬ ಯಾರು, ಅವನನ್ನು ಮೂವರೂ ಏಕೆ ಬಿಟ್ಟರು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಾಟಕ ಅಲ್ಲಿಂದ ಶುರುವಾಗುತ್ತದೆ.